ಅನುಮಾನವೂ ಕಸುಬಿನ ಭಾಗವೇ

ಪ್ರಶ್ನೆ: ನಾನು ಎಂಟು ವರ್ಷದಿಂದ ಪ್ರೋಗ್ರಾಮರ್. ಕಾಲೇಜಿನಲ್ಲಿದ್ದಾಗ ದೊಡ್ಡ ಟೆಕ್ ಉದ್ಯಮಿಗಳ ಭಾಷಣ ಕೇಳಿ ಕೇಳಿಯೇ ಈ ಕೆಲಸಕ್ಕೆ ಬಂದೆ. ಈಗ ಅವರ ಯಾವ ಮಾತಿನ ಮೇಲೂ ನಂಬಿಕೆ ಬರುತ್ತಿಲ್ಲ. ನಮ್ಮ ತಂಡ ಈಗ ಮೋಸದ ಖಾತೆಗಳನ್ನು ತಾನೇ ಹುಡುಕಿ ಮುಚ್ಚುವ ಒಂದು ಸಾಫ್ಟ್‌ವೇರ್ ಮಾಡುತ್ತಿದೆ. ಪ್ರಾಮಾಣಿಕರ ಖಾತೆ ತಪ್ಪಾಗಿ ಮುಚ್ಚಿಹೋದರೆ ಏನು ಗತಿ ಅಂತ ಮೀಟಿಂಗ್‌ನಲ್ಲಿ ಕೇಳಿದೆ. ‘ಅದನ್ನು ಮುಂದಿನ ರಿಲೀಸ್‌ನಲ್ಲಿ ನೋಡೋಣ, ನೀನು ಯಾಕೆ ಯಾವಾಗಲೂ ನೆಗೆಟಿವ್’ ಅಂದರು. ದೊಡ್ಡ ಉದ್ಯಮಿಗಳ ಬಗ್ಗೆ ಏನಾದರೂ ಹೇಳಿದರೆ ಗೆಳೆಯರು ಹೊಟ್ಟೆಕಿಚ್ಚು ಅನ್ನುತ್ತಾರೆ. ನನ್ನ ಅನುಮಾನ ಸರಿಯೇ? ಈ ಕೆಲಸದಲ್ಲಿ ಮುಂದುವರಿಯಬೇಕೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಪ್ರಶ್ನೆಗೆ ಈಗಲೇ ಉತ್ತರ ಹೇಳಿಬಿಡುತ್ತೇನೆ. ನಿಮ್ಮ ಅನುಮಾನ ಸರಿಯಾಗಿದೆ. ಎರಡನೆಯದಕ್ಕೆ ಸ್ವಲ್ಪ ಸುತ್ತಿ ಬರಬೇಕು.

ನೀವು ಒಂದು ಫಂಕ್ಷನ್, ಅಂದರೆ ಒಂದು ಕೆಲಸ ಮಾಡುವ ಕೋಡಿನ ತುಂಡು, ಬರೆಯುತ್ತೀರಿ. ಸರಿ ಇದೆ ಅಂತ ಅನ್ನಿಸಿದ ಮಾತ್ರಕ್ಕೆ ರಿಲೀಸ್ ಮಾಡುತ್ತೀರಾ? ಇಲ್ಲ. ಟೆಸ್ಟ್ ಬರೆಯುತ್ತೀರಿ. ಖಾಲಿ ಇನ್‌ಪುಟ್ ಕೊಟ್ಟು ನೋಡುತ್ತೀರಿ. ತೀರಾ ದೊಡ್ಡ ಸಂಖ್ಯೆ ಕೊಟ್ಟು ನೋಡುತ್ತೀರಿ. ಇನ್ನೊಬ್ಬರ ಕೈಗೆ ರಿವ್ಯೂಗೆ ಕೊಡುತ್ತೀರಿ. ಅಂದರೆ ನೀವು ಬರೆದದ್ದನ್ನೇ ನೀವು ನಂಬುವುದಿಲ್ಲ. ಎಂಟು ವರ್ಷ ದಿನಾ ಹೀಗೆ ಮಾಡಿದ ಮನಸ್ಸು ಒಂದು ದಿನ ಮೇಲಿನವರ ಮಾತನ್ನೂ ಹಾಗೇ ಪರೀಕ್ಷಿಸಲು ಶುರು ಮಾಡಿದೆ. ಆಗಿರುವುದು ಇಷ್ಟೇ. ಇದನ್ನು ನೆಗೆಟಿವ್ ಅನ್ನುವವರು ಈ ಕಸುಬು ಏನು ಅಂತಲೇ ಮರೆತಿದ್ದಾರೆ.

ನಾನು ಮೂವತ್ತು ವರ್ಷ ಸಾಫ್ಟ್‌ವೇರ್ ಬರೆದವನು. ಕೊನೆಯ ಹತ್ತು ವರ್ಷ ಬೇರೆಯವರು ಬರೆದದ್ದನ್ನು ಪರಿಶೀಲಿಸುವುದೇ ನನ್ನ ಕೆಲಸವಾಗಿತ್ತು. ಹೊರಗಿನವರಿಗೆ ನಮ್ಮ ಕೆಲಸದ ಮೇಲಿರುವ ನಂಬಿಕೆ ನಮಗೆ ಇರುವುದಿಲ್ಲ. ಇದ್ದರೆ ಅದು ಒಳ್ಳೆಯ ಲಕ್ಷಣವೂ ಅಲ್ಲ. 1996ರ ಜೂನ್ 4ರಂದು ಯುರೋಪಿನ ಅರಿಯಾನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲೇ, ಹೊರಟ 40 ಸೆಕೆಂಡಿನೊಳಗೆ ಚೂರುಚೂರಾಯಿತು. 64 ಬಿಟ್‌ನ ಒಂದು ಸಂಖ್ಯೆಯನ್ನು 16 ಬಿಟ್‌ನ ಜಾಗಕ್ಕೆ ತುರುಕಲು ಹೋಗಿದ್ದರು. ಆ ಕೋಡ್ ಹಳೆಯ ಅರಿಯಾನ್ 4ರದ್ದು. ಅಲ್ಲಿ ಚೆನ್ನಾಗಿಯೇ ಓಡಿತ್ತು. ಹೊಸ ರಾಕೆಟ್‌ನ ವೇಗ ಜಾಸ್ತಿ, ಸಂಖ್ಯೆ ದೊಡ್ಡದಾಯಿತು, ಜಾಗ ಸಾಲಲಿಲ್ಲ. ನನಗೆ ಇದರಲ್ಲಿ ಜಾಸ್ತಿ ಕಾಡುವ ವಿಷಯ ಇನ್ನೊಂದಿದೆ. ರಾಕೆಟ್ ನೆಲ ಬಿಟ್ಟ ಮೇಲೆ ಆ ಲೆಕ್ಕದ ಅಗತ್ಯವೇ ಇರಲಿಲ್ಲ. ಸುಮ್ನೆ ಓಡುತ್ತಿತ್ತು.

ಆ ರಾಕೆಟ್‌ನಲ್ಲಿ ಜನ ಇರಲಿಲ್ಲ. 1985ರಿಂದ 1987ರವರೆಗೆ ಥೆರಾಕ್-25 ಎಂಬ ಕ್ಯಾನ್ಸರ್ ಚಿಕಿತ್ಸೆಯ ಯಂತ್ರದ ಕೆಳಗೆ ಜನ ಮಲಗಿದ್ದರು. ಕನಿಷ್ಠ 6 ರೋಗಿಗಳ ಮೇಲೆ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ವಿಕಿರಣ ಬಿತ್ತು. ಕೆಲವರು ಸತ್ತರು. ಹಳೆಯ ಮಾದರಿಗಳಲ್ಲಿ ಅಪಾಯ ತಡೆಯಲು ಯಂತ್ರದಲ್ಲೇ ಬೇರೆ ಭದ್ರತೆ ಇತ್ತು. ಸಾಫ್ಟ್‌ವೇರ್ ಇದೆಯಲ್ಲ ಅಂತ ಹೊಸದರಲ್ಲಿ ಅದನ್ನು ತೆಗೆದುಹಾಕಿದ್ದರು. ಮೈ ಸುಟ್ಟಿತು ಅಂತ ರೋಗಿ ಹೇಳಿದಾಗ, ತಯಾರಿಸಿದ ಸಂಸ್ಥೆಯ ಮೊದಲ ಉತ್ತರ ಏನು ಗೊತ್ತೇ? ಈ ಯಂತ್ರದಲ್ಲಿ ಹಾಗಾಗಲು ಸಾಧ್ಯವೇ ಇಲ್ಲ ಅಂತ.

‘ಹಾಗಾಗಲು ಸಾಧ್ಯವೇ ಇಲ್ಲ’ ಅನ್ನುವ ಈ ಮಾತನ್ನು ನಾನೂ ಒಮ್ಮೆ ಹೇಳಿದ್ದೇನೆ. ನನ್ನ ಮೊದಲ ಕೆಲಸ ಸಂಬಳ ಮತ್ತು ಖರ್ಚಿನ ಲೆಕ್ಕ ಇಡುವ ಒಂದು ಸಾಫ್ಟ್‌ವೇರ್‌ನದ್ದು. ಲೆಕ್ಕ ವಿಭಾಗದಲ್ಲಿ ಒಬ್ಬ ಹಿರಿಯ ಹೆಣ್ಣುಮಗಳು ಇದ್ದರು. ಕಂಪ್ಯೂಟರ್ ಬಂದ ಮೇಲೂ ಅವರು ಒಂದು ಪುಸ್ತಕದಲ್ಲಿ ಕೈಯಿಂದ ಬರೆದಿಡುತ್ತಿದ್ದರು. ಒಂದು ತಿಂಗಳು ಎರಡೂ ತಾಳೆಯಾಗಲಿಲ್ಲ. ‘ನೀವು ಎಂಟ್ರಿ ತಪ್ಪು ಮಾಡಿದ್ದೀರಿ, ಸಿಸ್ಟಂ ಹಾಗೆಲ್ಲ ತಪ್ಪುವುದಿಲ್ಲ’ ಅಂದೆ. ಅವರಿಗೆ ಮೇಲಿನಿಂದ ಒಂದು ಮೆಮೊ ಬಂತು. ಮೂರು ವಾರ ಆದ ಮೇಲೆ ಬೇರೆ ಏನನ್ನೋ ಹುಡುಕುವಾಗ ನನಗೆ ಸಿಕ್ಕಿತು. ಇಬ್ಬರು ಒಂದೇ ಕ್ಷಣಕ್ಕೆ ಸೇವ್ ಒತ್ತಿದರೆ ಒಬ್ಬರ ಎಂಟ್ರಿ ಸದ್ದಿಲ್ಲದೆ ಮಾಯವಾಗುತ್ತಿತ್ತು. ಬರೆದವನು ನಾನೇ. ಕ್ಷಮೆ ಕೇಳಲು ಹೋದೆ. ಅವರು ಬೈಯಲಿಲ್ಲ. ‘ಅವತ್ತು ನನ್ನ ಪುಸ್ತಕ ಒಂದು ಸಲ ತೆರೆದು ನೋಡಬಾರದಿತ್ತಾ?’ ಅಂದರು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಇದೇ ಕಥೆ ಬ್ರಿಟನ್ನಿನಲ್ಲಿ ಒಂದು ದೇಶದ ಮಟ್ಟದಲ್ಲಿ ನಡೆಯಿತು. ನಿಮ್ಮ ಈಗಿನ ಪ್ರಾಜೆಕ್ಟ್‌ಗೆ ಇದು ಹತ್ತಿರದ ವಿಷಯ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

1999ರ ಹೊತ್ತಿಗೆ ಅಲ್ಲಿನ ಪೋಸ್ಟ್ ಆಫೀಸ್ ತನ್ನ ಶಾಖೆಗಳಿಗೆಲ್ಲ ಹೊರೈಜನ್ ಎಂಬ ಲೆಕ್ಕದ ವ್ಯವಸ್ಥೆ ತಂತು. ಮಾಡಿಕೊಟ್ಟದ್ದು ಫುಜಿತ್ಸು. ಸಣ್ಣ ಊರುಗಳ ಸಬ್-ಪೋಸ್ಟ್‌ಮಾಸ್ಟರ್‌ಗಳಿಗೆ ಸಂಜೆ ಲೆಕ್ಕ ಮುಗಿಸುವಾಗ ಹಣ ಕಡಿಮೆ ಬಂದಂತೆ ಪರದೆ ತೋರಿಸತೊಡಗಿತು. ಕೊರತೆಯನ್ನು ಕೈಯಿಂದ ತುಂಬಿಕೊಡಬೇಕು ಅಂತ ಅವರ ಕರಾರಿನಲ್ಲೇ ಇತ್ತು. ಸಹಾಯವಾಣಿಗೆ ಫೋನ್ ಮಾಡಿದರೆ ‘ಬೇರೆ ಯಾರಿಗೂ ಈ ತೊಂದರೆ ಇಲ್ಲ, ನಿಮಗೊಬ್ಬರಿಗೇ’ ಅನ್ನುವ ಉತ್ತರ. ಹಾಗೆ ಹೇಳಿಸಿಕೊಂಡವರು ನೂರಾರು ಜನ. ಮನೆ ಒತ್ತೆ ಇಟ್ಟವರು ಇದ್ದಾರೆ. ಜೈಲಿಗೆ ಹೋದವರು ಇದ್ದಾರೆ. ಪ್ರಾಣ ಕಳೆದುಕೊಂಡವರೂ ಇದ್ದಾರೆ. ಒಟ್ಟು 900ಕ್ಕೂ ಹೆಚ್ಚು ಜನ ಕಳ್ಳತನ, ಸುಳ್ಳು ಲೆಕ್ಕದಂಥ ಅಪರಾಧಗಳಲ್ಲಿ ತಪ್ಪಿತಸ್ಥರಾದರು.

ಕೋರ್ಟಿನಲ್ಲಿ ಅವರಿಗೆ ಇನ್ನೊಂದು ಅಡ್ಡಿ ಇತ್ತು. ಕಂಪ್ಯೂಟರ್ ಸಾಕ್ಷ್ಯ ಕೊಡುವವರು ಅದು ಸರಿಯಾಗಿ ಕೆಲಸ ಮಾಡುತ್ತಿತ್ತು ಅಂತ ಮೊದಲು ತೋರಿಸಬೇಕು ಎಂಬ ನಿಯಮ ಇಂಗ್ಲೆಂಡಿನಲ್ಲಿ ಹಿಂದೆ ಇತ್ತು. 1999ರ ಕಾನೂನು ಅದನ್ನು ತೆಗೆದುಹಾಕಿತು. ಆಮೇಲೆ ಯಂತ್ರ ಸರಿ ಇದೆ ಅಂತ ಇಟ್ಟುಕೊಂಡೇ ಕೋರ್ಟ್ ನಡೆಯುವ ಹಾಗಾಯಿತು. ತಪ್ಪಿದೆ ಅನ್ನುವವರು ಅದನ್ನು ತೋರಿಸಿಕೊಡಬೇಕು. ಹಳ್ಳಿಯ ಅಂಚೆ ಕೌಂಟರಿನಲ್ಲಿ ಕೂತವರು ಫುಜಿತ್ಸುವಿನ ಕೋಡ್ ಎಲ್ಲಿಂದ ತರಬೇಕು? ಶಂಖದಿಂದ ಬಂದರೇ ತೀರ್ಥ ಅನ್ನುತ್ತೇವಲ್ಲ, ಇಲ್ಲಿ ಆ ಶಂಖ ಕಂಪ್ಯೂಟರ್ ಆಗಿತ್ತು. ಶಾಖೆಯ ಲೆಕ್ಕವನ್ನು ಹೊರಗಿನಿಂದ ಯಾರೂ ಮುಟ್ಟಲಾಗದು ಅಂತ ಪೋಸ್ಟ್ ಆಫೀಸ್ ವರ್ಷಗಟ್ಟಲೆ ಹೇಳಿತು. ಅದೂ ಸುಳ್ಳು. ಫುಜಿತ್ಸು ಸಿಬ್ಬಂದಿ ದೂರದಿಂದಲೇ ಅದನ್ನು ಬದಲಿಸಬಹುದಿತ್ತು.

ಅಲನ್ ಬೇಟ್ಸ್ ಎಂಬ ಸಬ್-ಪೋಸ್ಟ್‌ಮಾಸ್ಟರ್ ಮತ್ತು ಅವರ ಜೊತೆ ನಿಂತವರು, ಒಟ್ಟು 555 ಜನ, ಹೈಕೋರ್ಟಿಗೆ ಹೋದರು. 2019ರ ಡಿಸೆಂಬರ್‌ನಲ್ಲಿ ಹೊರೈಜನ್‌ನಲ್ಲಿ ಬಗ್‌ಗಳು, ಅಂದರೆ ಕೋಡಿನ ತಪ್ಪುಗಳು, ಇದ್ದವು ಅಂತ ತೀರ್ಪು ಬಂತು. ಎಲ್ಲರ ಶಿಕ್ಷೆ ಒಟ್ಟಿಗೆ ರದ್ದು ಮಾಡುವ ಕಾನೂನು ಬರಲು 2024 ಆಯಿತು.

ಬಗ್ ಇಲ್ಲದ ಸಾಫ್ಟ್‌ವೇರ್ ಇಲ್ಲ. ಹೊರೈಜನ್‌ನಲ್ಲಿ ಬಗ್ ಇತ್ತು ಅನ್ನುವುದು ನನಗೆ ಆಶ್ಚರ್ಯವೇ ಅಲ್ಲ. ಬಗ್‌ನ ಹೊರೆ ಯಾರ ಮೇಲೆ ಬಿತ್ತು ಅನ್ನುವುದನ್ನು ನೋಡಿ. ಬರೆದವರ ಮೇಲೆ ಬೀಳಲಿಲ್ಲ. ಕೊಂಡವರ ಮೇಲೂ ಬೀಳಲಿಲ್ಲ. ಪರದೆಯ ಮುಂದೆ ಕೂತು, ಅದರ ಒಳಗೆ ಏನಿದೆ ಅಂತ ನೋಡಲೂ ಆಗದವರ ಮೇಲೆ ಬಿತ್ತು. ನೀವು ಮೀಟಿಂಗ್‌ನಲ್ಲಿ ಕೇಳಿದ್ದೂ ಇದೇ ಪ್ರಶ್ನೆ ಅಲ್ವಾ?

ಈಗ ಶ್ರೀಮಂತರ ವಿಷಯಕ್ಕೆ ಬರೋಣ. ಹೊಟ್ಟೆಕಿಚ್ಚು ಅನ್ನುವ ಮಾತು ಬಹಳ ಜನರ ಬಾಯಿ ಮುಚ್ಚಿಸಿದೆ. ಒಬ್ಬ ಮನುಷ್ಯನ ಹಣದ ಮೇಲೆ ಕಣ್ಣು ಹಾಕುವುದು ಬೇರೆ. ಆ ಹಣ ಬಂದ ಬಗೆಯನ್ನು ಸರಿಯಾಗಿ ಹೇಳಿ ಅನ್ನುವುದು ಬೇರೆ. ನೀವು ಕಾಲೇಜಿನಲ್ಲಿ ಕೇಳಿದ ಭಾಷಣಗಳಲ್ಲಿ ಹೆಚ್ಚಾಗಿ ಒಂದೇ ಅಚ್ಚಿನ ಕಥೆ ಇರುತ್ತದೆ. ಒಬ್ಬ ಜಾಣ, ಒಂದು ಕನಸು, ಒಂದು ಗ್ಯಾರೇಜ್, ಆಮೇಲೆ ಜಗತ್ತೇ ಬದಲಾಯಿತು ಅಂತ. ಆ ಕಥೆಗೂ ಒಂದು ಟೆಸ್ಟ್ ಬರೆದು ನೋಡಿ.

ಬಿಲ್ ಗೇಟ್ಸ್ ಅವರನ್ನೇ ತೆಗೆದುಕೊಳ್ಳಿ. 1968ರಲ್ಲಿ, 13ನೇ ವಯಸ್ಸಿಗೆ, ಅವರ ಖಾಸಗಿ ಶಾಲೆಯಲ್ಲಿ ಕಂಪ್ಯೂಟರ್‌ಗೆ ಜೋಡಿಸಿದ ಟರ್ಮಿನಲ್ ಇತ್ತು. ಮಕ್ಕಳ ತಾಯಂದಿರ ಸಂಘ ಹಣ ಕೂಡಿಸಿ ಅದನ್ನು ತರಿಸಿತ್ತು. ಆ ಕಾಲಕ್ಕೆ ಎಷ್ಟೋ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೂ ಅಂಥ ಅವಕಾಶ ಇರಲಿಲ್ಲ. ಮುಂದೆ ಐಬಿಎಂ ತನ್ನ ಹೊಸ ಪಿಸಿಗೆ ಆಪರೇಟಿಂಗ್ ಸಿಸ್ಟಂ, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ಸಾಫ್ಟ್‌ವೇರ್, ಬೇಕು ಅಂದಾಗ ಮೈಕ್ರೋಸಾಫ್ಟ್ ಬಳಿ ಅದು ಇರಲೇ ಇಲ್ಲ. ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಎಂಬ ಸಣ್ಣ ಕಂಪನಿಯಲ್ಲಿ ಟಿಮ್ ಪ್ಯಾಟರ್ಸನ್ ಎಂಬವರು ಬರೆದದ್ದನ್ನು ಒಟ್ಟು ಸುಮಾರು 75,000 ಡಾಲರ್‌ಗೆ ಕೊಂಡರು. ಎಂಎಸ್-ಡಾಸ್ ಹುಟ್ಟಿದ್ದು ಅದರಿಂದ. ಗೇಟ್ಸ್ ಜಾಣತನ ಸುಳ್ಳಲ್ಲ. ಅದೇ ಸಾಫ್ಟ್‌ವೇರನ್ನು ಬೇರೆ ಕಂಪನಿಗಳಿಗೂ ಮಾರುವ ಹಕ್ಕನ್ನು ಕೈಬಿಡದೆ ಉಳಿಸಿಕೊಂಡರು. ಆ ಒಂದು ಷರತ್ತು ಇಡೀ ಸಂಪತ್ತಿನ ಬುಡ. ಆದರೆ ಅದು ಕರಾರು ಬರೆಯುವ ಜಾಣತನ. ಕೋಡ್ ಬರೆದವರ ಹೆಸರು ಎಷ್ಟು ಜನರಿಗೆ ಗೊತ್ತು?

ಗೂಗಲ್ ಕಥೆಯಲ್ಲಿ ಸರ್ಕಾರದ ಹಣ ಇದೆ. ಲ್ಯಾರಿ ಪೇಜ್, ಸೆರ್ಗೆ ಬ್ರಿನ್ ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದಾಗ ಅಲ್ಲಿನ ಡಿಜಿಟಲ್ ಲೈಬ್ರರಿ ಯೋಜನೆಗೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಹಣ ಕೊಟ್ಟಿತ್ತು. ಇಬ್ಬರೂ 1998ರಲ್ಲಿ ಬರೆದ ಪ್ರಬಂಧದಲ್ಲಿ ಒಂದು ಎಚ್ಚರಿಕೆಯೂ ಇದೆ. ಜಾಹೀರಾತಿನ ಹಣದಿಂದ ನಡೆಯುವ ಹುಡುಕಾಟ ಯಂತ್ರ ಬಳಕೆದಾರರನ್ನು ಬಿಟ್ಟು ಜಾಹೀರಾತುದಾರರ ಕಡೆಗೆ ವಾಲುತ್ತದೆ ಅಂತ ಅವರೇ ಬರೆದಿದ್ದರು. ಆಮೇಲೆ ಅದೇ ಜಾಹೀರಾತಿನಿಂದ ಜಗತ್ತಿನ ಅತಿ ಶ್ರೀಮಂತರ ಸಾಲಿಗೆ ಸೇರಿದರು.

ಇನ್ನೂ ಕೆಳಗೆ ಹೋದರೆ ನೆಲವೇ ಸಾರ್ವಜನಿಕರದ್ದು. ಇಂಟರ್‌ನೆಟ್ಟಿನ ಮೂಲವಾದ ಅರ್ಪಾನೆಟ್ 1969ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ ಶುರುವಾಯಿತು. ಜಿಪಿಎಸ್ ಉಪಗ್ರಹಗಳೂ ಅವರವೇ. ವೆಬ್ ಅನ್ನು ಟಿಮ್ ಬರ್ನರ್ಸ್-ಲೀ ಯುರೋಪಿನ ಸರ್ನ್ ಎಂಬ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ಮಾಡಿದರು. 1993ರ ಏಪ್ರಿಲ್ 30ರಂದು ಸರ್ನ್ ಅದನ್ನು ಯಾರು ಬೇಕಾದರೂ ಪುಕ್ಕಟೆ ಬಳಸಿಕೊಳ್ಳಿ ಅಂತ ಬಿಟ್ಟುಕೊಟ್ಟಿತು. ಗಾಳಿ ಬಂದಾಗ ತೂರಿಕೋ ಅನ್ನುತ್ತಾರೆ. ತೂರಿಕೊಂಡವರ ಚುರುಕುತನವನ್ನು ನಾನು ಮೆಚ್ಚುತ್ತೇನೆ. ಗಾಳಿಯೂ ನಮ್ಮದೇ ಅಂದಾಗ ಮಾತ್ರ ನನಗೆ ಸಿಟ್ಟು ಬರುತ್ತದೆ.

ಎಲಾನ್ ಮಸ್ಕ್ ಬಗ್ಗೆಯೂ ಇದೇ ಮಾತು. ಟೆಸ್ಲಾ ಶುರು ಮಾಡಿದ್ದು 2003ರಲ್ಲಿ ಮಾರ್ಟಿನ್ ಎಬರ್‌ಹಾರ್ಡ್ ಮತ್ತು ಮಾರ್ಕ್ ಟಾರ್ಪೆನಿಂಗ್. ಮಸ್ಕ್ 2004ರಲ್ಲಿ ಹೂಡಿಕೆದಾರರಾಗಿ ಬಂದರು. ಸ್ಪೇಸ್‌ಎಕ್ಸ್ ಮುಳುಗುವ ಹಂತದಲ್ಲಿದ್ದಾಗ 2008ರ ಡಿಸೆಂಬರ್‌ನಲ್ಲಿ ನಾಸಾದ 160 ಕೋಟಿ ಡಾಲರ್ ಗುತ್ತಿಗೆ ಸಿಕ್ಕಿತು. ಟೆಸ್ಲಾಗೆ 2010ರಲ್ಲಿ ಸರ್ಕಾರ 46.5 ಕೋಟಿ ಡಾಲರ್ ಸಾಲ ಕೊಟ್ಟಿತು. ಆ ಸಾಲವನ್ನು ಅವಧಿಗಿಂತ ಮೊದಲೇ, 2013ರಲ್ಲಿ ತೀರಿಸಿದರು, ಅದನ್ನೂ ಹೇಳಬೇಕು. ರಾಕೆಟ್ ಹಾರಿದ್ದೂ ನಿಜ, ಕಾರು ಓಡಿದ್ದೂ ನಿಜ. 2019ರ ಏಪ್ರಿಲ್‌ನಲ್ಲಿ ಅದೇ ಮಸ್ಕ್, ಮುಂದಿನ ವರ್ಷ ಹತ್ತು ಲಕ್ಷಕ್ಕೂ ಹೆಚ್ಚು ಚಾಲಕನಿಲ್ಲದ ಟ್ಯಾಕ್ಸಿಗಳು ರಸ್ತೆಯಲ್ಲಿರುತ್ತವೆ ಅಂದರು. 2020 ಬಂತು, ಹೋಯಿತು. ಟ್ಯಾಕ್ಸಿ ಬರಲಿಲ್ಲ. ನಿಮ್ಮ ಅಂದಾಜು ಎರಡು ವಾರ ತಪ್ಪಿದರೆ ಮ್ಯಾನೇಜರ್ ಕರೆದು ಕೇಳುತ್ತಾರೆ. ಅಲ್ಲಿ ಕೇಳುವವರು ಯಾರು?

ಹಣ ಹಾಕುವವರ ಲೋಕದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಅಲ್ಲಿನ ವ್ಯವಹಾರದ ರೀತಿಯೇ ಆಗಿಬಿಟ್ಟಿದೆ. ಕೆಲವೇ ಹನಿ ರಕ್ತದಲ್ಲಿ ನೂರಾರು ಪರೀಕ್ಷೆ ಮಾಡುತ್ತೇವೆ ಅಂದ ಥೆರಾನೋಸ್ 900 ಕೋಟಿ ಡಾಲರ್ ಬೆಲೆ ಕಟ್ಟಿಸಿಕೊಂಡಿತ್ತು. ಅದನ್ನು ಕಟ್ಟಿದ ಎಲಿಜಬೆತ್ ಹೋಮ್ಸ್ ಅವರಿಗೆ 2022ರಲ್ಲಿ 11 ವರ್ಷಕ್ಕೂ ಮೀರಿದ ಜೈಲು ಶಿಕ್ಷೆಯಾಯಿತು. ಕಚೇರಿ ಜಾಗ ಬಾಡಿಗೆಗೆ ಕೊಡುತ್ತಿದ್ದ ವೀವರ್ಕ್ 2019ರ ಶುರುವಿನಲ್ಲಿ 4,700 ಕೋಟಿ ಡಾಲರ್ ಬೆಲೆಯದ್ದು ಅನ್ನಿಸಿಕೊಂಡಿತ್ತು, 2023ರ ನವೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಎರಡೂ ಕಡೆ ದೊಡ್ಡ ದೊಡ್ಡ ತಲೆಗಳೇ ಹಣ ಹಾಕಿದ್ದವು. ಒಬ್ಬರು ಹಾಕಿದರು ಅಂತ ಇನ್ನೊಬ್ಬರು ಹಾಕುತ್ತಾರೆ. ಒಳಗೆ ಇಣುಕಿ ನೋಡುವವರು ಕಡಿಮೆ.

ನಿಮಗೆ ನೇರವಾಗಿ ತಟ್ಟುವ ವಿಷಯ ಬೇರೆ ಇದೆ. ಪ್ರತಿಭೆಗೆ ತಕ್ಕ ಬೆಲೆ ಮಾರುಕಟ್ಟೆಯೇ ಕೊಡುತ್ತದೆ, ಯಾರೂ ಯಾರನ್ನೂ ಕಟ್ಟಿಹಾಕುವುದಿಲ್ಲ ಅಂತ ನಮಗೆಲ್ಲ ಹೇಳಿಕೊಟ್ಟಿದ್ದಾರೆ. ಅದೇ ಹೊತ್ತಿಗೆ ಆ್ಯಪಲ್, ಗೂಗಲ್, ಇಂಟೆಲ್, ಅಡೋಬಿಯಂಥ ಕಂಪನಿಗಳು ಒಬ್ಬರ ಎಂಜಿನಿಯರ್‌ಗಳನ್ನು ಇನ್ನೊಬ್ಬರು ಕರೆಯಬಾರದು ಅಂತ ಒಳಗೊಳಗೇ ಮಾತಾಡಿಕೊಂಡಿದ್ದವು. 2007ರಲ್ಲಿ ಗೂಗಲ್‌ನ ಒಬ್ಬ ನೇಮಕಾತಿ ಸಿಬ್ಬಂದಿ ಆ್ಯಪಲ್‌ನ ಎಂಜಿನಿಯರ್ ಒಬ್ಬರನ್ನು ಸಂಪರ್ಕಿಸಿದರು. ಸ್ಟೀವ್ ಜಾಬ್ಸ್ ಗೂಗಲ್‌ನ ಎರಿಕ್ ಶ್ಮಿಟ್ ಅವರಿಗೆ ಇಮೇಲ್ ಬರೆದರು. ಆ ಸಿಬ್ಬಂದಿಯ ಕೆಲಸ ಹೋಯಿತು. ಆ ಸುದ್ದಿಯನ್ನು ಜಾಬ್ಸ್ ತಮ್ಮ ಕಂಪನಿಯ ಅಧಿಕಾರಿಗೆ ಕಳಿಸುವಾಗ ಜೊತೆಗೆ ಹಾಕಿದ್ದು ಒಂದು ನಗುಮುಖದ ಚಿಹ್ನೆ. ಇದೆಲ್ಲ ಕೋರ್ಟ್ ದಾಖಲೆಗಳಲ್ಲಿದೆ. ಸುಮಾರು 64,000 ನೌಕರರ ಪರವಾಗಿ ನಡೆದ ಆ ಮೊಕದ್ದಮೆ 2015ರಲ್ಲಿ 41.5 ಕೋಟಿ ಡಾಲರ್‌ಗೆ ಇತ್ಯರ್ಥವಾಯಿತು. ಆ ನಗುಮುಖವನ್ನು ನಾನು ಯಾವತ್ತೂ ಮರೆಯಲಾರೆ. ಒಬ್ಬರ ಅನ್ನ ಹೋದದ್ದಕ್ಕೆ ಬಂದ ಪ್ರತಿಕ್ರಿಯೆ ಅದು.

ಇತ್ತೀಚಿನದು ಬೇಕಾದರೆ, 2023ರ ಜನವರಿಯಲ್ಲಿ ಗೂಗಲ್ 12,000 ಜನರನ್ನು ಕೆಲಸದಿಂದ ತೆಗೆಯುವುದಾಗಿ ಹೇಳಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಅದರ ಮಾತೃ ಕಂಪನಿ ತನ್ನದೇ ಷೇರುಗಳನ್ನು ಮರಳಿ ಕೊಳ್ಳಲು 7,000 ಕೋಟಿ ಡಾಲರ್ ತೆಗೆದಿಟ್ಟಿತು. ನಾವೆಲ್ಲ ಒಂದೇ ಕುಟುಂಬ ಅನ್ನುವ ಮಾತನ್ನು ಯಾರಾದರೂ ಹೇಳಿದರೆ ಈ ಎರಡು ತಿಂಗಳು ನೆನಪಿಸಿಕೊಳ್ಳಿ.

ಇಷ್ಟೆಲ್ಲ ಹೇಳಿದ ಮೇಲೆ ನಿಮ್ಮ ಬಗ್ಗೆಯೂ ಒಂದು ಮಾತು ಹೇಳಬೇಕು. ‘ಅವರ ಯಾವ ಮಾತಿನ ಮೇಲೂ ನಂಬಿಕೆ ಬರುತ್ತಿಲ್ಲ’ ಅಂತ ಬರೆದಿದ್ದೀರಿ. ಅಲ್ಲಿ ನನಗೆ ಸ್ವಲ್ಪ ಭಯವಾಯಿತು. ಎಲ್ಲವನ್ನೂ ನಂಬುವುದಕ್ಕೆ ಹೇಗೆ ಟೆಸ್ಟ್ ಬೇಕಿಲ್ಲವೋ, ಯಾವುದನ್ನೂ ನಂಬದಿರುವುದಕ್ಕೂ ಟೆಸ್ಟ್ ಬೇಕಿಲ್ಲ. ಎರಡೂ ಸುಲಭದ ದಾರಿ. ಕಣ್ಣು ಕಾಣದವರು ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಇಟ್ಟುಕೊಂಡು ಪತ್ರ ಓದುತ್ತಾರೆ, ಕೋಡ್ ಬರೆಯುತ್ತಾರೆ. ಅದು ಬಣ್ಣದ ಮಾತಲ್ಲ. 2001ರಲ್ಲಿ ಶುರುವಾದ ವಿಕಿಪೀಡಿಯ ಜಾಹೀರಾತಿಲ್ಲದೆ ಇವತ್ತಿಗೂ ನಡೆಯುತ್ತಿದೆ. 1991ರಲ್ಲಿ ಒಬ್ಬ ವಿದ್ಯಾರ್ಥಿ ಶುರು ಮಾಡಿದ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಮೇಲೆ ಇವತ್ತು ಜಗತ್ತಿನ ಬಹುಪಾಲು ಸರ್ವರ್‌ಗಳು ಓಡುತ್ತಿವೆ. ಇವನ್ನು ಕಟ್ಟಿದವರೂ ನಮ್ಮಂಥ ಪ್ರೋಗ್ರಾಮರ್‌ಗಳೇ.

ಹಾಗೇ ಈ ಕಟ್ಟಡದ ಅಡಿಯಲ್ಲಿ ಯಾರು ಹೆಗಲು ಕೊಟ್ಟು ನಿಂತಿದ್ದಾರೆ ಅಂತ ಇಣುಕಿ ನೋಡಿ. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಹೊರಬಂದಾಗ ಇಡೀ ಉದ್ಯಮ ಬೆಚ್ಚಿಬಿತ್ತು. ದೊಡ್ಡ ಕಂಪನಿಗಳೆಲ್ಲ ಗುಟ್ಟಿನ ಮಾಹಿತಿ ಕಾಪಾಡಲು ನೆಚ್ಚಿಕೊಂಡಿದ್ದ ಓಪನ್‌ಎಸ್‌ಎಸ್‌ಎಲ್ ಎಂಬ ಲೈಬ್ರರಿಯಲ್ಲಿ, ಅಂದರೆ ಬೇರೆಯವರೂ ತಮ್ಮ ಸಾಫ್ಟ್‌ವೇರ್‌ಗೆ ಸೇರಿಸಿಕೊಳ್ಳುವ ಸಿದ್ಧ ಕೋಡಿನಲ್ಲಿ, ಪೂರ್ತಿ ಹೊತ್ತು ಕೆಲಸ ಮಾಡುತ್ತಿದ್ದವರು ಒಬ್ಬರೇ. ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಕೃತಕ ಬುದ್ಧಿಮತ್ತೆಯಲ್ಲೂ ಹೀಗೇ. ಚಾಟ್‌ಜಿಪಿಟಿ ಕೆಟ್ಟ ಮಾತು ಆಡದಂತೆ ಕಲಿಸಲು ಕೀನ್ಯಾದ ಕೆಲಸಗಾರರು ಹಿಂಸೆ, ದೌರ್ಜನ್ಯದ ಬರಹಗಳನ್ನು ದಿನವಿಡೀ ಓದಿ ಗುರುತು ಹಾಕಿದರು. ಅವರ ಕೈಗೆ ಬರುತ್ತಿದ್ದದ್ದು ಗಂಟೆಗೆ 2 ಡಾಲರ್‌ಗಿಂತ ಕಡಿಮೆ ಅಂತ 2023ರಲ್ಲಿ ಬಯಲಾಯಿತು. ಯಂತ್ರ ತಾನಾಗಿ ಕಲಿತುಕೊಂಡಿತು ಅಂತ ವೇದಿಕೆಯ ಮೇಲೆ ಹೇಳುವಾಗ ಇವರ ಸುದ್ದಿ ಬರುವುದಿಲ್ಲ.

ಇನ್ನೊಂದು ಘಟನೆಯನ್ನು ನಿಮಗಾಗಿಯೇ ಹೇಳುತ್ತೇನೆ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರೊಯಿಂಡ್ ಎಂಬ ಎಂಜಿನಿಯರ್ ಏನೋ ಬೇರೆ ಅಳತೆ ಮಾಡುತ್ತಿದ್ದರು. ದೂರದ ಯಂತ್ರಕ್ಕೆ ಲಾಗಿನ್ ಆಗುವುದು ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಅನ್ನಿಸಿತು. ಅರ್ಧ ಸೆಕೆಂಡ್ ತಾನೇ, ಬಿಡು ಅನ್ನಬಹುದಿತ್ತು. ಅವರು ಬಿಡಲಿಲ್ಲ. ಅಗೆಯುತ್ತಾ ಹೋದರು. ಎಕ್ಸ್‌ಝಡ್ ಎಂಬ ಸಣ್ಣ ಲೈಬ್ರರಿಯೊಳಗೆ ಯಾರೋ ಕಳ್ಳಬಾಗಿಲು ಇಟ್ಟಿದ್ದು ಸಿಕ್ಕಿತು. ಇಟ್ಟವರು ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಸಹಾಯಕರ ವೇಷ ಹಾಕಿ, ದಣಿದಿದ್ದ ಒಬ್ಬ ನಿರ್ವಾಹಕರ ನಂಬಿಕೆ ಗಳಿಸಿದ್ದರು. ಅದು ಹರಡಿದ್ದರೆ ಲೆಕ್ಕವಿಲ್ಲದಷ್ಟು ಸರ್ವರ್‌ಗಳ ಬೀಗ ಯಾರದೋ ಕೈಗೆ ಹೋಗುತ್ತಿತ್ತು. ಅದನ್ನು ತಡೆದದ್ದು ಒಬ್ಬರ ಅನುಮಾನ. ಜೊತೆಗೆ ಆ ಅನುಮಾನವನ್ನು ಕೊನೆಯವರೆಗೂ ಹಿಂಬಾಲಿಸುವ ತಾಳ್ಮೆ. ನಿಮ್ಮಲ್ಲಿ ಮೊದಲನೆಯದು ಇದೆ. ಎರಡನೆಯದನ್ನು ಬೆಳೆಸಿಕೊಳ್ಳಿ ಅನ್ನುವುದೇ ನನ್ನ ಕೋರಿಕೆ.

ಹಾಗಾದರೆ ಕೆಲಸ ಬಿಡಬೇಕೇ? ಈಗಲೇ ಬೇಡ. ಈ ಪ್ರಶ್ನೆ ಕೇಳುವ ಒಬ್ಬರು ಆ ತಂಡದಿಂದ ಹೋದರೆ ಸಾಫ್ಟ್‌ವೇರ್ ನಿಲ್ಲುವುದಿಲ್ಲ, ಪ್ರಶ್ನೆ ಮಾತ್ರ ನಿಲ್ಲುತ್ತದೆ. ಪ್ರೋಗ್ರಾಮರ್‌ಗಳು ಕೂಡಿ ಮಾತಾಡಿದರೆ ನಡೆಯುತ್ತದೆ ಅನ್ನುವುದಕ್ಕೆ ಉದಾಹರಣೆಯೂ ಇದೆ. 2018ರಲ್ಲಿ ಡ್ರೋನ್ ಚಿತ್ರಗಳನ್ನು ಗುರುತಿಸುವ ಅಮೆರಿಕ ಸೇನೆಯ ಮೇವೆನ್ ಯೋಜನೆಯ ವಿರುದ್ಧ ಗೂಗಲ್‌ನ ಸಾವಿರಾರು ನೌಕರರು ಸಹಿ ಹಾಕಿದರು. ಕಂಪನಿ ಆ ಗುತ್ತಿಗೆಯನ್ನು ಮುಂದುವರಿಸಲಿಲ್ಲ. ಎಲ್ಲ ಸಲ ಹೀಗೆ ಗೆಲ್ಲುವುದಿಲ್ಲ, ಅದು ನನಗೆ ಗೊತ್ತು. ಒಬ್ಬರೇ ಹೇಳಿದರೆ ನೆಗೆಟಿವ್ ಅನ್ನುತ್ತಾರೆ. ನಾಲ್ಕು ಜನ ಹೇಳಿದರೆ ಮೀಟಿಂಗ್ ಕರೆಯುತ್ತಾರೆ. ಮೊದಲು ಆ ಇನ್ನು ಮೂವರನ್ನು ಹುಡುಕಿ.

ಸುಮ್ಮನಿರುವುದರಲ್ಲೂ ಅಪಾಯ ಇದೆ. ಫೋಕ್ಸ್‌ವ್ಯಾಗನ್ ಡೀಸೆಲ್ ಕಾರುಗಳಲ್ಲಿ ಪರೀಕ್ಷೆಯ ಹೊತ್ತಿಗೆ ಮಾತ್ರ ಹೊಗೆ ಕಡಿಮೆ ತೋರಿಸುವ ಸಾಫ್ಟ್‌ವೇರ್ ಇತ್ತು ಅಂತ 2015ರಲ್ಲಿ ಹೊರಬಂತಲ್ಲ, ಅದರಲ್ಲಿ ಒಬ್ಬ ಎಂಜಿನಿಯರ್‌ಗೆ ಅಮೆರಿಕದ ಕೋರ್ಟ್ 40 ತಿಂಗಳ ಜೈಲು ಹಾಕಿತು. ಮೇಲಿನವರು ಹೇಳಿದ್ದನ್ನು ಮಾಡಿದೆ ಅನ್ನುವುದು ಅವರನ್ನು ಉಳಿಸಲಿಲ್ಲ. ಆದ್ದರಿಂದ ನಿಮ್ಮ ಆತಂಕವನ್ನು ಮೀಟಿಂಗ್‌ನಲ್ಲಿ ಹೇಳಿ ಬಿಟ್ಟುಬಿಡಬೇಡಿ. ಇಮೇಲ್‌ನಲ್ಲಿ ಬರೆಯಿರಿ. ಸಿಟ್ಟಿಲ್ಲದೆ, ಉದ್ಯಮದ ಬಗ್ಗೆ ಭಾಷಣ ಇಲ್ಲದೆ, ಬಗ್ ರಿಪೋರ್ಟ್ ಬರೆಯುವ ಹಾಗೆ ಬರೆಯಿರಿ. ಪ್ರತಿಯನ್ನು ಜೋಪಾನವಾಗಿಡಿ.

ಜೊತೆಗೆ ನಿಮ್ಮ ಕೈ ಗಟ್ಟಿ ಮಾಡಿಕೊಳ್ಳಿ. ಆರು ತಿಂಗಳು ಸಂಬಳ ಇಲ್ಲದೆ ಮನೆ ನಡೆಯುವಷ್ಟು ಉಳಿತಾಯ ಇರುವವರ ‘ಇಲ್ಲ’ಕ್ಕೆ ಬೇರೆಯೇ ತೂಕ ಇರುತ್ತದೆ. ಕಂಪನಿ ಕೊಟ್ಟ ಷೇರುಗಳನ್ನು ಆ ಲೆಕ್ಕದಲ್ಲಿ ಸೇರಿಸಬೇಡಿ. ಮಾರಿ ಹಣ ಕೈಗೆ ಬಂದ ಮೇಲೆ ಸೇರಿಸಿ.

ಇನ್ನು ನಿಮ್ಮ ಪ್ರಾಜೆಕ್ಟ್. ನೆದರ್ಲೆಂಡ್ಸ್‌ನಲ್ಲಿ ಮಕ್ಕಳ ಪಾಲನೆಗೆ ಕೊಡುವ ನೆರವಿನಲ್ಲಿ ಮೋಸ ಹುಡುಕಲು ತೆರಿಗೆ ಇಲಾಖೆ ಇಂಥದ್ದೇ ಒಂದು ವ್ಯವಸ್ಥೆ ಬಳಸಿತ್ತು. ಸಾವಿರಾರು ಕುಟುಂಬಗಳನ್ನು ತಪ್ಪಾಗಿ ಮೋಸಗಾರರ ಪಟ್ಟಿಗೆ ಸೇರಿಸಿ, ಕೊಟ್ಟ ಹಣವನ್ನೆಲ್ಲ ಮರಳಿ ಕೇಳಿದರು. ಎರಡನೇ ಪೌರತ್ವ ಇದ್ದವರು, ಕಡಿಮೆ ಸಂಪಾದನೆಯವರು ಹೆಚ್ಚು ಸಿಕ್ಕಿಬಿದ್ದರು. 2021ರ ಜನವರಿಯಲ್ಲಿ ಆ ಹಗರಣಕ್ಕೆ ಅಲ್ಲಿನ ಸರ್ಕಾರವೇ ರಾಜೀನಾಮೆ ಕೊಟ್ಟಿತು. ನಿಮ್ಮ ಮ್ಯಾನೇಜರ್ ಮುಂದೆ ಇದನ್ನು ಇಟ್ಟರೆ ಅವರು ಅಷ್ಟು ಸುಲಭವಾಗಿ ಮುಂದಿನ ರಿಲೀಸ್‌ಗೆ ತಳ್ಳಲಾರರು.

ಆದರೆ ಬರೀ ಆತಂಕ ಇಟ್ಟರೆ ಸಾಲದು. ಒಂದು ಟೆಸ್ಟ್ ಕೇಸ್ ಬರೆದುಕೊಂಡು ಹೋಗಿ. ಒಬ್ಬ ಪ್ರಾಮಾಣಿಕ ಗ್ರಾಹಕರು ಇದ್ದಾರೆ. ಊರು ಬದಲಿಸಿದ್ದಾರೆ, ಹೊಸ ಫೋನ್ ತೆಗೆದುಕೊಂಡಿದ್ದಾರೆ, ಮನೆಯವರ ಆಸ್ಪತ್ರೆ ಖರ್ಚಿಗೆ ಅಂತ ದೊಡ್ಡ ಮೊತ್ತ ಕಳಿಸಲು ಹೋಗಿದ್ದಾರೆ. ರಾತ್ರಿ ಹನ್ನೊಂದಕ್ಕೆ ನಿಮ್ಮ ಸಾಫ್ಟ್‌ವೇರ್ ಅವರ ಖಾತೆ ಮುಚ್ಚುತ್ತದೆ. ಅವರಿಗೆ ಕಾಣುವ ಸಂದೇಶದಲ್ಲಿ ಕಾರಣ ಇದೆಯೇ? ಅವರು ಫೋನ್ ಮಾಡಿದರೆ ಎತ್ತುವವರು ಮನುಷ್ಯರೇ? ಎತ್ತಿದವರಿಗೆ ಖಾತೆ ತೆರೆಯುವ ಅಧಿಕಾರ ಇದೆಯೇ, ಅಥವಾ ಅವರೂ ಅದೇ ಪರದೆ ನೋಡಿ ‘ಸಿಸ್ಟಂ ಹೀಗೆ ಹೇಳುತ್ತಿದೆ’ ಅನ್ನುತ್ತಾರೆಯೇ? ಎಷ್ಟು ಗಂಟೆಯೊಳಗೆ ಸರಿಯಾಗುತ್ತದೆ? ಆಮೇಲೆ, ತಪ್ಪು ನಮ್ಮದು ಅಂತ ಗೊತ್ತಾಗಲು ದಾಖಲೆ ಎಲ್ಲಿ ಉಳಿಯುತ್ತದೆ? ಈ ಐದು ಪ್ರಶ್ನೆಗಳ ಪಕ್ಕ ಜಾಗ ಬಿಟ್ಟು, ಉತ್ತರ ಕೊಡಬೇಕಾದವರ ಹೆಸರು ತುಂಬಲು ಹೇಳಿ. ಹೆಸರು ತುಂಬಲು ಒಪ್ಪಿದರೆ ಅಲ್ಲೇ ಉಳಿದು ಅದನ್ನು ಚೆನ್ನಾಗಿ ಕಟ್ಟಿ. ಒಪ್ಪದಿದ್ದರೆ, ಖಾಲಿ ಜಾಗವಿರುವ ಆ ಹಾಳೆಯ ಒಂದು ಪ್ರತಿ ಇಟ್ಟುಕೊಂಡು ಬೇರೆ ಕೆಲಸ ಹುಡುಕಲು ಶುರು ಮಾಡಿ.